ಕಿಟಕಿಯಾಚೆಯ ಕಪ್ಪು: ಒಂದು ವಿಚಿತ್ರ ಭಯದ ಕಥೆ ಕನ್ನಡ ಕಾಮಿಕ್ಸ್ ಆದ ಬಗೆ

ಮೊನ್ನೆ ಗದಗಿನ ಪ್ರೆಸ್ಸಿನಿಂದ 500 ಪ್ರತಿಗಳು ಧಾರವಾಡಕ್ಕೆ ಬಂದಿಳಿದವು. ಒಳಗೆ 40 ಪುಟ, ಮೇಲೆ ಬಣ್ಣದ ರಕ್ಷಾಪುಟ, ಕ್ರೌನ್ 1/4 ಆಕಾರ. ಒಳಪುಟಗಳಿಗೆ ಒಂದೇ ಬಣ್ಣ, ಕಪ್ಪು. ಅಮೆರಿಕದ ಭಯದ ಕಥೆಗಾರ ಎಚ್. ಪಿ. ಲವ್‌ಕ್ರಾಫ್ಟ್ 1921ರ ಡಿಸೆಂಬರಿನಲ್ಲಿ ಬರೆದ ‘ದ ಮ್ಯೂಸಿಕ್ ಆಫ್ ಎರಿಕ್ ಝಾನ್’ ಕಥೆಯ ಕನ್ನಡ ಚಿತ್ರರೂಪ ಇದು. ದಸರಾ ಮುಗಿದ ಮೇಲೆ ಕೈಹಾಕಿದ ಕೆಲಸ ಮಳೆಗಾಲ ಹಿಡಿದ ಮೇಲೆ ಮುಗಿಯಿತು. ಈ ಒಂಬತ್ತು ತಿಂಗಳಲ್ಲಿ ಚಿತ್ರ ತೆಗೆಯಲು ಹಿಡಿದದ್ದು ನಾಲ್ಕೇ ತಿಂಗಳು. ಉಳಿದ ಕಾಲವೆಲ್ಲ ಅಕ್ಷರಕ್ಕೆ, ಕಾಗದಕ್ಕೆ ಮತ್ತು ಒಂದು ಕಿಟಕಿಗೆ ಹೋಯಿತು. ಹಳೆಯ ಭಯದ ಕಥೆಯೊಂದನ್ನು ಕನ್ನಡದಲ್ಲಿ ಕಾಮಿಕ್ಸ್ ಮಾಡಬೇಕೆಂದು ಆಸೆಪಟ್ಟವರು ಇದೇ ಗುಂಡಿಗಳಲ್ಲಿ ಕಾಲು ಹಾಕದಿರಲಿ ಎಂದು ನಡೆದದ್ದನ್ನು ನಡೆದಂತೆ ಬರೆಯುತ್ತಿದ್ದೇವೆ.

ಮೊದಲು ಹಕ್ಕಿನ ಪ್ರಶ್ನೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಲೇಖಕ ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಎಣಿಸಬೇಕು. ಲವ್‌ಕ್ರಾಫ್ಟ್ ತೀರಿಕೊಂಡದ್ದು 1937ರ ಮಾರ್ಚ್ 15ರಂದು, ಹಾಗಾಗಿ ಅವರ ಕಥೆಗಳು ಎಂದೋ ಹಕ್ಕಿನಿಂದ ಬಿಡುಗಡೆಯಾಗಿವೆ. ಭಯದ ಕಥೆಗಾರರಾದ ಎಂ. ಆರ್. ಜೇಮ್ಸ್ (ಸಾವು 1936), ಹೋಪ್ ಹಾಡ್ಜ್‌ಸನ್ (1918), ಆರ್ಥರ್ ಮ್ಯಾಕನ್ (1947), ಆಲ್ಜರ್ನನ್ ಬ್ಲ್ಯಾಕ್‌ವುಡ್ (1951) ಇವರ ಕಥೆಗಳನ್ನೂ ಇಲ್ಲಿ ಧೈರ್ಯವಾಗಿ ಮುಟ್ಟಬಹುದು. ಎಡವುವ ಜಾಗ ಒಂದಿದೆ. ಲವ್‌ಕ್ರಾಫ್ಟ್ ಹೆಸರಿನ ಪಕ್ಕದಲ್ಲಿ ಆಗಸ್ಟ್ ಡರ್ಲೆತ್ ಹೆಸರೂ ಇರುವ ಕಥೆಗಳು ಲವ್‌ಕ್ರಾಫ್ಟ್ ತೀರಿಕೊಂಡ ಮೇಲೆ ಡರ್ಲೆತ್ ಬರೆದು ಮುಗಿಸಿದವು. ಡರ್ಲೆತ್ ತೀರಿಕೊಂಡದ್ದು 1971ರಲ್ಲಿ. ಅಂದರೆ 2031 ಮುಗಿಯುವವರೆಗೆ ಅವುಗಳ ತಂಟೆ ಬೇಡ. ಇನ್ನೊಂದು ಮಾತು: ಮೂಲ ಕಥೆ ಮುಕ್ತವಾಗಿದ್ದರೂ ಅದರ ಅನುವಾದ ಅನುವಾದಕರದು, ಬೇರೆಯವರ ಕಾಮಿಕ್ಸಿನಲ್ಲಿ ಕಥೆಯ ಮುದಿ ವಾದ್ಯಗಾರ ಝಾನ್‌ಗೆ ಕೊಟ್ಟ ಮುಖ ಆ ಚಿತ್ರಕಾರರದು. ಮುಖವನ್ನು ಮೂಲದ ವರ್ಣನೆಯಿಂದಲೇ ಕಟ್ಟಿ. ಕುಳ್ಳ, ಬಡಕಲು, ಬಾಗಿದ ಬೆನ್ನು, ಮಾಸಿದ ಬಟ್ಟೆ, ನೀಲಿ ಕಣ್ಣು, ಹೆಚ್ಚುಕಡಿಮೆ ಬೋಳಾದ ತಲೆ. ಇಷ್ಟನ್ನು ಮೂಲವೇ ಕೊಡುತ್ತದೆ. ಕಥೆ 1922ರ ಮಾರ್ಚಿನಲ್ಲಿ ಒಂದು ಹವ್ಯಾಸಿ ಪತ್ರಿಕೆಯಲ್ಲಿ ಮೊದಲು ಅಚ್ಚಾಯಿತು, ‘ವಿಯರ್ಡ್ ಟೇಲ್ಸ್’ ಎಂಬ ಭಯದ ಕಥೆಗಳ ಪತ್ರಿಕೆಗೆ ಬಂದದ್ದು ಆಮೇಲೆ.

ಇದೇ ಕಥೆ ಯಾಕೆ? ಇದರಲ್ಲಿ ಭೂತವೂ ಇಲ್ಲ, ರಾಕ್ಷಸನೂ ಇಲ್ಲ. ಕಡಿದಾದ ಓಣಿಯ ತುದಿಯಿಂದ ಮೂರನೆಯ ಮನೆ, ಅದರ ಮಾಳಿಗೆಯಲ್ಲಿ ಮಾತು ಬಾರದ ಮುದುಕ, ರಾತ್ರಿಯೆಲ್ಲ ಅವನು ನುಡಿಸುವ ವಾದ್ಯ, ಪರದೆ ಮುಚ್ಚಿದ ಒಂದೇ ಕಿಟಕಿ. ಕೆಳಗಿನ ಕೋಣೆಯ ವಿದ್ಯಾರ್ಥಿ ಕೊನೆಗೆ ಆ ಕಿಟಕಿಯಿಂದ ಇಣುಕಿದರೆ ಊರಿನ ದೀಪಗಳು ಕಾಣಬೇಕಾದಲ್ಲಿ ಬರೀ ಕತ್ತಲೆ. ಕಾಣದ್ದನ್ನು ಕಾಣಿಸಬೇಕು, ಕೇಳದ್ದನ್ನು ಕೇಳಿಸಬೇಕು. ಈ ಬಗೆಯ ಕಥೆಗಳಿಗೆ ಕೈಹಾಕಿದವರು ಬಹಳ ಸಲ ಸೋಲುವುದು ಕೊನೆಯ ಪುಟದಲ್ಲಿ ಹುಳುವಿನಂಥ ಪ್ರಾಣಿಯೊಂದನ್ನು ಬರೆದುಬಿಡುವುದರಿಂದ. 1970ರ ದಶಕದಲ್ಲಿ ಅರ್ಜೆಂಟೀನಾದ ಆಲ್ಬೆರ್ತೊ ಬ್ರೆಚ್ಚಾ ಲವ್‌ಕ್ರಾಫ್ಟ್ ಕಥೆಗಳನ್ನು ಚಿತ್ರಿಸುವಾಗ ಕಲೆ, ಒರೆಸು, ಅಂಟಿಸಿದ ಚೂರುಗಳಿಂದ ಆಕಾರವನ್ನು ಕದಡಿಬಿಟ್ಟರು. ನೋಡುವವನ ಕಣ್ಣು ಹುಡುಕುತ್ತಲೇ ಇರುತ್ತದೆ. ನಾವು ಹಿಡಿದದ್ದು ಆ ದಾರಿಯನ್ನೇ.

ಮೂಲ ಸುಮಾರು 3,500 ಇಂಗ್ಲಿಷ್ ಪದಗಳ ಕಥೆ. ಅದನ್ನು 36 ಪುಟಕ್ಕೆ ಹಂಚಿದೆವು. ಕನ್ನಡದ ಪದ ಉದ್ದ, ವಿಭಕ್ತಿ ಎಲ್ಲವೂ ಪದಕ್ಕೇ ಅಂಟಿಕೊಂಡಿರುತ್ತದೆ. ಇಂಗ್ಲಿಷ್ ಕಾಮಿಕ್ಸಿನ ಮಾತಿನ ಬಲೂನಿನ ಅಳತೆ ಇಲ್ಲಿ ನಡೆಯುವುದಿಲ್ಲ. ಒಂದು ಚೌಕಟ್ಟಿಗೆ 18 ಪದ, ಒಂದು ಪುಟಕ್ಕೆ 65 ಪದ ಎಂದು ಮಿತಿ ಹಾಕಿಕೊಂಡ ಮೇಲೆಯೇ ಚಿತ್ರಕ್ಕೆ ಉಸಿರಾಡಲು ಜಾಗ ಸಿಕ್ಕಿತು. 11 ಪುಟಗಳಲ್ಲಿ ಒಂದಕ್ಷರವೂ ಇಲ್ಲ.

ಹೆಸರಿನ ತೊಡಕನ್ನು ನಾವು ನಿರೀಕ್ಷಿಸಿರಲಿಲ್ಲ. ಕಥೆಯ ಬೀದಿಯ ಫ್ರೆಂಚ್ ಹೆಸರನ್ನು (Rue d'Auseil) ಹೆಚ್ಚುಕಡಿಮೆ ಉಚ್ಚಾರದಂತೆ ಬರೆದರೆ ‘ರೂ ದೋಸೇ’ ಆಗುತ್ತದೆ. ಧಾರವಾಡದ ಹಾಸ್ಟೆಲ್ ವಿದ್ಯಾರ್ಥಿಗಳಿಗೆ ಮೊದಲ ಕರಡು ಓದಲು ಕೊಟ್ಟಾಗ ಎಲ್ಲರೂ ಅಲ್ಲೇ ನಕ್ಕರು. ಭಯದ ಕಥೆಯಲ್ಲಿ ಒಮ್ಮೆ ಬಂದ ನಗು ಮುಂದಿನ ಹತ್ತು ಪುಟಗಳನ್ನು ತಿಂದುಹಾಕುತ್ತದೆ. ‘ಓಸೇಲ್ ಓಣಿ’ ಎಂದು ಬದಲಿಸಿದೆವು. ಓಣಿ ನಮ್ಮ ಕಡೆಯ ಮಾತು, ಇಕ್ಕಟ್ಟನ್ನೂ ತಾನೇ ಹೇಳುತ್ತದೆ. ಮೂಲದ ಮನೆಗಳು ಒಂದರ ಮೇಲೊಂದು ವಾಲಿ ಆಕಾಶ ಮುಚ್ಚುವಷ್ಟು ಹತ್ತಿರ ನಿಂತಿವೆ. ಕಥೆಯನ್ನು ಧಾರವಾಡಕ್ಕೆ ತರುವ ಆಲೋಚನೆಯೂ ಬಂದಿತ್ತು, ಬಿಟ್ಟೆವು. ಕೊನೆಯಲ್ಲಿ ಆ ವಿದ್ಯಾರ್ಥಿ ಎಷ್ಟು ನಕಾಶೆ ಹುಡುಕಿದರೂ ಓಣಿ ಸಿಗುವುದಿಲ್ಲ. ಓದುಗನಿಗೆ ಗೊತ್ತಿರುವ ಊರಿನಲ್ಲಿ ಆ ಕಳೆದುಹೋಗುವಿಕೆ ನಂಬಿಕೆಗೆ ಬರುವುದಿಲ್ಲ.

ವಾದ್ಯದ್ದು ಇದಕ್ಕಿಂತ ದೊಡ್ಡ ತೊಡಕು. ಮೂಲದಲ್ಲಿರುವುದು ‘ವಯೋಲ್’. ಅದನ್ನು ‘ಪಿಟೀಲು’ ಎಂದರೆ ನಮ್ಮ ಓದುಗರ ಕಣ್ಣಿಗೆ ಕಟ್ಟುವುದು ನೆಲಕ್ಕೆ ಕೂತು, ವಾದ್ಯದ ತಲೆಯನ್ನು ಪಾದಕ್ಕಾನಿಸಿ ನುಡಿಸುವ ಕಲಾವಿದ. ವಯೋಲ್ ಅನ್ನು ಮೊಣಕಾಲುಗಳ ನಡುವೆ ನೆಟ್ಟಗೆ ನಿಲ್ಲಿಸಿಕೊಳ್ಳುತ್ತಾರೆ. ಸಾಮಾನ್ಯವಾಗಿ ಆರು ತಂತಿ, ಕುತ್ತಿಗೆಗೆ ಸುತ್ತಿದ ಮೆಟ್ಟಿಲುಗಳು, ಕಮಾನು ಹಿಡಿಯುವ ಅಂಗೈ ಮೇಲ್ಮುಖ. ಸಾರಂಗಿ ನೋಡಿದವರಿಗೆ ಈ ಭಂಗಿ ಬೇಗ ಒಗ್ಗುತ್ತದೆ. ಮಲ್ಲಿಕಾರ್ಜುನ ಮನಸೂರರ, ಗಂಗೂಬಾಯಿ ಹಾನಗಲ್ಲರ ಊರಿನಲ್ಲಿ ವಾದ್ಯ ತಪ್ಪು ಹಿಡಿಸಿ ಪುಸ್ತಕ ಮಾಡಿದರೆ ಯಾರೂ ಕ್ಷಮಿಸುವುದಿಲ್ಲ. ಮಣಿಕಟ್ಟು ಎಲ್ಲಿ ಬಾಗುತ್ತದೆ, ವೇಗ ಹೆಚ್ಚಿದಾಗ ಭುಜ ಏನು ಮಾಡುತ್ತದೆ ಎಂದು ನುಡಿಸುವವರ ಎದುರು ಕೂತು ರೇಖಾಚಿತ್ರ ಮಾಡಿಕೊಂಡೆವು. ಆ ಎರಡು ವಾರ ವ್ಯರ್ಥವಾಗಲಿಲ್ಲ. ಮೊದಲ ಕರಡಿನ ಒಂಬತ್ತು ಚೌಕಟ್ಟುಗಳಲ್ಲಿ ಕಮಾನು ತಂತಿಯ ಮೇಲೆ ಇರಲೇ ಇಲ್ಲ, ತಂತಿಯ ಪಕ್ಕದಲ್ಲಿತ್ತು.

ಸಂಗೀತವನ್ನು ಹೇಗೆ ಬರೆಯುವುದು? ಸ್ವರಚಿಹ್ನೆಗಳನ್ನು ಗಾಳಿಯಲ್ಲಿ ಹಾರಿಸಿದರೆ ಮದುವೆ ಕರೆಯೋಲೆಯ ಹಾಗೆ ಕಾಣುತ್ತದೆ. ಕನ್ನಡದಲ್ಲಿ ಅನುಕರಣ ಪದಗಳಿಗೆ ಬರವಿಲ್ಲ, ಆದರೆ ‘ಗುಂಯ್’ ಎಂದು ಬರೆದ ಕ್ಷಣ ಸಂಗೀತ ದುಂಬಿಯಾಗುತ್ತದೆ. ಒಂದು ನಿಯಮ ಮಾಡಿಕೊಂಡೆವು. ಝಾನ್ ನುಡಿಸುವುದಕ್ಕೆ ಅಕ್ಷರವೇ ಇಲ್ಲ. ಬಾಗಿಲು, ಕಿಟಕಿಯ ಕದ, ಮೆಟ್ಟಿಲು, ಗಾಳಿ ಇವುಗಳಿಗೆ ಮಾತ್ರ ‘ಕಿರ್’, ‘ಟಪ್’, ‘ಭೋರ್’. ಸಂಗೀತ ಏರಿದಂತೆ ಚೌಕಟ್ಟುಗಳು ಕಿರಿದಾಗುತ್ತವೆ. ಪುಟಕ್ಕೆ ನಾಲ್ಕಿದ್ದದ್ದು ಆರು, ಒಂಬತ್ತು, ಕೊನೆಗೆ ಹದಿನಾರು. ಚೌಕಟ್ಟುಗಳ ನಡುವಿನ ಬಿಳಿ ಸಂದು 5 ಮಿಲಿಮೀಟರಿನಿಂದ 1.5ಕ್ಕೆ ಇಳಿಯುತ್ತದೆ. ಓದುವವರ ಕಣ್ಣು ತಾನಾಗಿ ಓಡತೊಡಗುತ್ತದೆ. ಝಾನ್ ಜರ್ಮನ್‌ನಲ್ಲಿ ಬರೆಯುವ ದೀರ್ಘ ನಿವೇದನೆಯ ಹಾಳೆಗಳನ್ನು ಗಾಳಿ ಹೊತ್ತೊಯ್ಯುತ್ತದೆ, ಒಂದು ಸಾಲೂ ಯಾರಿಗೂ ತಿಳಿಯುವುದಿಲ್ಲ. ಆ ಹಾಳೆಗಳನ್ನು ಎಲ್ಲಾ ಕಡೆ ಬೆನ್ನ ಕಡೆಯಿಂದಲೇ ತೋರಿಸಿದೆವು.

ಚಿತ್ರದ ಹಾಳೆ ಎ3. ಪುಸ್ತಕದ ಕತ್ತರಿಸಿದ ಅಳತೆ 7.25 × 9.5 ಇಂಚು, ಅದರ ಒಂದೂವರೆ ಪಟ್ಟು ಎಂದರೆ 10.9 × 14.25, ಎ3ಯಲ್ಲಿ ಸಲೀಸಾಗಿ ಕೂರುತ್ತದೆ. ವಾಟರ್‌ಪ್ರೂಫ್ ಕಪ್ಪು ಶಾಯಿ, 2 ಮತ್ತು 3 ನಂಬರಿನ ಕುಂಚ, ಒಂದು ಜಿ-ನಿಬ್ಬು. ಬೂದುಬಣ್ಣದ ತೆಳು ಶಾಯಿ ಬಳಸಬೇಕೆನ್ನುವ ಆಸೆ ಬಲವಾಗಿತ್ತು. ಅಮೆರಿಕದಲ್ಲಿ ಪ್ರಕಾಶಕರು ತಮಗೇ ಹಾಕಿಕೊಂಡ 1954ರ ಕಾಮಿಕ್ಸ್ ಸಂಹಿತೆ ಭಯದ ಕಥೆಗಳ ಕತ್ತು ಹಿಸುಕಿದ ಮೇಲೆ, 1964ರಲ್ಲಿ ಶುರುವಾದ ‘ಕ್ರೀಪಿ’ ಪತ್ರಿಕೆ ಕಪ್ಪುಬಿಳುಪಿನ ದೊಡ್ಡ ಆಕಾರದಲ್ಲಿ ಬಂದು ಆ ಸಂಹಿತೆಯ ಹೊರಗೆ ಉಳಿಯಿತು. ಅದರ ಬೂದು ಛಾಯೆಗಳು ಈಗಲೂ ಕಣ್ಣು ಸೆಳೆಯುತ್ತವೆ. ಆದರೆ ಮ್ಯಾಪ್‌ಲಿಥೋ ಕಾಗದ ಶಾಯಿ ಹೀರುತ್ತದೆ, ಬೂದು ಛಾಯೆಯ ಚುಕ್ಕೆಗಳು ಉಬ್ಬಿ ಒಂದಕ್ಕೊಂದು ಸೇರಿ ರಾಡಿಯಾಗುತ್ತವೆ. ನುಣುಪು ಕಾಗದಕ್ಕೆ ಹಣವಿಲ್ಲದಿದ್ದರೆ ಬರೀ ಗೆರೆ, ಬರೀ ಕಪ್ಪು. ಪೆನ್ಸಿಲ್ ಗೆರೆ ಅಳಿಸುವಾಗ ರಬ್ಬರು ಶಾಯಿಯನ್ನೂ ಸ್ವಲ್ಪ ಎತ್ತುತ್ತದೆ. ತುಂಬಿದ ಕಪ್ಪಿಗೆ ಅಳಿಸಿದ ಮೇಲೆ ಎರಡನೇ ಕೋಟು ಕೊಡಲೇಬೇಕು. ಏಪ್ರಿಲ್ ಬಿಸಿಲಿಗೆ ನಿಬ್ಬಿನಲ್ಲೇ ಶಾಯಿ ಒಣಗುತ್ತದೆ, ಬೆಳಗಿನ 6ರಿಂದ 10ರೊಳಗೆ ಶಾಯಿ ಕೆಲಸ ಮುಗಿಸುವುದು ಒಳ್ಳೆಯದು.

ಸ್ಕ್ಯಾನಿಗೆ ಎ3 ಯಂತ್ರವಿರುವ ಅಂಗಡಿಯನ್ನೇ ಹುಡುಕಿ. ಎ4ರಲ್ಲಿ ಎರಡು ತುಂಡು ಮಾಡಿ ಜೋಡಿಸಿದ ಮೊದಲ ಎಂಟು ಪುಟಗಳಲ್ಲಿ ಗೆರೆಗಳು ಅರ್ಧ ಮಿಲಿಮೀಟರ್ ಜಾರಿದ್ದವು, ಎಂಟನ್ನೂ ಹುಬ್ಬಳ್ಳಿಗೆ ಒಯ್ದು ಮತ್ತೆ ಮಾಡಿಸಬೇಕಾಯಿತು. 600 ಡಿಪಿಐಯಲ್ಲಿ ಗ್ರೇಸ್ಕೇಲ್ ಸ್ಕ್ಯಾನ್ ಮಾಡಿ ಮೂರನೆಯ ಎರಡು ಭಾಗಕ್ಕೆ ಇಳಿಸಿದರೆ 900 ಡಿಪಿಐ ಆಗುತ್ತದೆ. ಆಮೇಲೆ ಶುದ್ಧ ಕಪ್ಪುಬಿಳುಪಿಗೆ ತಿರುಗಿಸಿ ಟಿಫ್ ಆಗಿ ಉಳಿಸಿ. ಜೆಪೆಗ್ ಬೇಡ, ಗೆರೆಯ ಅಂಚಿಗೆ ಧೂಳು ಕೂತಂತಾಗುತ್ತದೆ.

ಅಕ್ಷರಕ್ಕೆ ಹಿಡಿದದ್ದು ಆರು ವಾರ. ಬೇಕಾದದ್ದು ಕೈಬರಹದ ಹತ್ತಿರದ, ಉಚಿತ ಪರವಾನಗಿಯ ಯೂನಿಕೋಡ್ ಫಾಂಟು. ನಮಗೆ ಒಗ್ಗಿದ್ದು ‘ಹುಬ್ಬಳ್ಳಿ’ ಎಂಬ ಹೆಸರಿನದೇ. ಗೆರೆಯ ದಪ್ಪ ಎಲ್ಲೆಡೆ ಒಂದೇ, ಕುಂಚದ ಗೆರೆಯ ಪಕ್ಕ ಪರಕೀಯವೆನಿಸುವುದಿಲ್ಲ. ಅದರಲ್ಲಿ ದಪ್ಪಕ್ಷರ ಇಲ್ಲ, ಒತ್ತಿ ಹೇಳಬೇಕಾದ ಮಾತನ್ನು ಒಂದೂವರೆ ಪಾಯಿಂಟ್ ದೊಡ್ಡದು ಮಾಡಿದೆವು. ಅಳತೆ 10.5 ಪಾಯಿಂಟ್, ಸಾಲಿನ ಅಂತರ 15.5. ಇದಕ್ಕಿಂತ ಬಿಗಿ ಮಾಡಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಬಲೂನಿನ ಕೆಳಭಾಗದಲ್ಲಿ ಮೇಲಿನದಕ್ಕಿಂತ 1 ಮಿಲಿಮೀಟರ್ ಹೆಚ್ಚು ಜಾಗ ಬಿಡಿ. ಕೊನೆಯ ಸಾಲಿನಲ್ಲಿ ‘ಸ್ತ್ರೀ’ಯಂಥ ಪದ ಬಂದರೆ ಆ ಜಾಗ ಬೇಕಾಗುತ್ತದೆ. ಇಂಗ್ಲಿಷ್ ರೂಢಿಯ ಫೋಟೋಶಾಪಿನಲ್ಲಿ ಒತ್ತಕ್ಷರ ಒಡೆದು ಬಂದರೆ ಫಾಂಟಿನ ತಪ್ಪಲ್ಲ. ಅಕ್ಷರ ಜೋಡಣೆಯ ಸೆಟ್ಟಿಂಗನ್ನು ದಕ್ಷಿಣ ಏಷ್ಯಾ ಭಾಷೆಗಳಿಗೆ ಬದಲಿಸಿ. ಇಂಕ್‌ಸ್ಕೇಪಿನಲ್ಲಿ ಈ ಕಾಟವಿಲ್ಲ. ಶಬ್ದಗಳನ್ನು ಮಾತ್ರ ಕೈಯಲ್ಲೇ ಬರೆಯಿರಿ. ‘ಕಿರ್’ ಅನ್ನು ಎಳೆದು ನಾಲ್ಕು ರಕಾರ ಹೊಡೆದರೆ ಕಂಪ್ಯೂಟರು ಅದನ್ನು ಅರ್ಕಾವತ್ತಾಗಿಸಿ ತಲೆಕೆಳಗು ಮಾಡುತ್ತದೆ.

ಪ್ರೆಸ್ಸಿಗೆ ಹೋದಾಗ ಕೇಳುವ ಮೊದಲ ಪ್ರಶ್ನೆ: ‘ನುಡಿಯೊಳಗ ಐತೇನ್ರಿ?’ ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಆಸ್ಕಿ ಫಾಂಟಿಗೆ ಪರಿವರ್ತಿಸಿದರೆ ಅರ್ಕಾವತ್ತು ಜಾಗ ಬದಲಿಸುತ್ತದೆ. ನಮ್ಮ ಮೊದಲ ಪ್ರೂಫಿನಲ್ಲಿ 23 ಕಡೆ ಹೀಗಾಗಿತ್ತು. ತೆರೆದ ಕಡತ ಕೊಡಲೇಬೇಡಿ. ಅಕ್ಷರಗಳನ್ನೆಲ್ಲ ಗೆರೆಯಾಗಿಸಿದ ಪಿಡಿಎಫ್ ಕೊಡಿ, ಸುತ್ತಲೂ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸುವಾಗ ಹೋಗುವ ಹೆಚ್ಚುವರಿ ಅಂಚು) ಇರಲಿ. ಒಳ ಅಂಚಿನಿಂದ 10 ಮಿಲಿಮೀಟರ್ ಒಳಗೆ ಅಕ್ಷರ ಬರಬಾರದು.

ಇನ್ನು ಕಿಟಕಿ. ಪುಟ ತಿರುವಿದ ಕೂಡಲೇ ಕಾಣುವುದು ಎಡಗಡೆಯ ಸರಿಸಂಖ್ಯೆಯ ಪುಟ. ಬೆಚ್ಚಿಸಬೇಕಾದ ಚಿತ್ರ ಅಲ್ಲೇ ಇರಬೇಕು. 29ನೇ ಪುಟದಲ್ಲಿ ಗಾಜು ಒಡೆದು ಹಾಳೆಗಳು ಹಾರುತ್ತವೆ, ವಿದ್ಯಾರ್ಥಿ ಕಿಟಕಿಯತ್ತ ಓಡುತ್ತಾನೆ. ತಿರುವಿದರೆ 30 ಮತ್ತು 31, ಎರಡೂ ಪುಟ ತುಂಬ ಕಪ್ಪು, ಎಡಗಡೆ ಕೆಳಮೂಲೆಯಲ್ಲಿ ಅವನ ಮುಖದ ಒಂದು ಅಂಚು ಮಾತ್ರ. ಕಾಗದದ ಮೇಲೆ ಇದು ನಮಗೆ ಬಹಳ ಹಿಡಿಸಿತ್ತು. ಅಣ್ಣಿಗೇರಿ ದಾಟಿ ಗದಗ ಮುಟ್ಟಿ, 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಗುವ) ಕಾಗದದಲ್ಲಿ ತೆಗೆಸಿದ ಪ್ರೂಫ್ ಕೈಗೆ ಬಂದಾಗ ಎದೆ ಕುಸಿಯಿತು. 30ನೇ ಪುಟ 29ರ ಬೆನ್ನು. ಆ ಕಪ್ಪು ಹಿಂದಿನಿಂದ ಮೂಡಿ, ತಿರುವುವ ಮೊದಲೇ 29ರ ಬಿಳಿ ಜಾಗದಲ್ಲಿ ಮಂಕಾಗಿ ಕಾಣುತ್ತಿತ್ತು. ಇಡೀ ಪುಸ್ತಕ ಕಾದಿಟ್ಟ ಗುಟ್ಟು ಒಂದು ಪುಟ ಮುಂಚೆಯೇ ಬಯಲಾಗಿತ್ತು. ಮೇಲಿಂದ ಆ ಕಪ್ಪು ಕಪ್ಪಾಗಿಯೂ ಇರಲಿಲ್ಲ, ಇದ್ದಿಲಿನ ಬೂದಿಯ ಹಾಗಿತ್ತು.

ಯಂತ್ರ ನಡೆಸುವವರು ಹಾಳೆಯನ್ನು ಬೆಳಕಿಗೆ ಹಿಡಿದು, ‘ಕರಿ ಭಾಳ ಆತ್ರಿ, ಹಿಂದಕ್ಕ ಮೂಡತೈತಿ. ಕಾಗದ ದಪ್ಪ ತಗೋರಿ, ಇಲ್ಲಾ ಹಿಂದಿನ ಪಾನ (ಪುಟ) ಕಪ್ಪ ಮಾಡ್ರಿ’ ಎಂದರು. ಎರಡನ್ನೂ ಮಾಡಿದೆವು. ಕಾಗದ 100 ಜಿಎಸ್‌ಎಂಗೆ ಏರಿತು. 29ನ್ನು ಮತ್ತೆ ಬರೆದೆವು: ಮೋಂಬತ್ತಿ ನಡುಗುತ್ತಿರುವ ಕೋಣೆ, ಒಣ ಕುಂಚದ ದಟ್ಟ ಗೆರೆ, ಬಿಳಿ ಕಾಲು ಭಾಗ ಮಾತ್ರ. 31ರ ಬೆನ್ನಾದ 32ರಲ್ಲಿ ದೀಪ ಆರಿ ಅವನು ಕತ್ತಲಲ್ಲಿ ತಡಕಾಡುವುದರಿಂದ ಅದು ಹೇಗೂ ಕಪ್ಪು. ಅಲ್ಲಿನ ಬಿಳಿ ಗೆರೆಗಳನ್ನು 0.3 ಮಿಲಿಮೀಟರಿಗಿಂತ ತೆಳುವಾಗಿ ಬಿಡಬೇಡಿ, ಶಾಯಿ ಮುಚ್ಚಿಬಿಡುತ್ತದೆ.

ಕಪ್ಪು ಗಟ್ಟಿಯಾಗಲು ಒಂದೇ ದಾರಿ, ಅದೇ ಜಾಗಕ್ಕೆ ಎರಡು ಸಲ ಹೊಡೆಯುವುದು. ಖರ್ಚು ಎರಡು ಪಟ್ಟಾಗುತ್ತದೆಂದು ಹೆದರಿದ್ದೆವು. ಫಾರಂ, ಅಂದರೆ ಹಲವು ಪುಟ ಒಟ್ಟಿಗೆ ಅಚ್ಚಾಗುವ ದೊಡ್ಡ ಹಾಳೆ, ಮಡಚಿ ನೋಡಿದಾಗ ಜೀವ ಬಂತು. 20 × 30 ಇಂಚಿನ ಹಾಳೆಯ ಒಂದು ಮಗ್ಗುಲಿಗೆ ಈ ಆಕಾರದ 8 ಪುಟ ಬರುತ್ತವೆ. 16, 16 ಮತ್ತು 8 ಪುಟದ ಮೂರು ಮಡಿಕೆಗಳನ್ನು ಒಂದರೊಳಗೊಂದು ಸೇರಿಸಿದರೆ 40. ನಡುವಿನ ಮಡಿಕೆಯಲ್ಲಿ 9ರಿಂದ 16 ಮತ್ತು 25ರಿಂದ 32 ಇರುತ್ತವೆ, 30 ಹಾಗೂ 31 ಒಂದೇ ಮಗ್ಗುಲಿಗೆ ಬೀಳುತ್ತವೆ. ಅಂದರೆ 8 ಪುಟಕ್ಕೊಂದರಂತೆ ಬೇಕಿದ್ದ ಐದು ಪ್ಲೇಟಿನ ಜೊತೆ, ಎರಡನೆಯ ಸಲ ಹೊಡೆಯಲು ಇನ್ನೊಂದೇ ಪ್ಲೇಟು ಸಾಕು. ನಿಮ್ಮ ಪುಸ್ತಕದ ಪುಟವಿನ್ಯಾಸ ಮಾಡುವ ಮೊದಲೇ ಒಂದು ಹಳೆಯ ಹಾಳೆ ಮಡಚಿ ನಂಬರು ಬರೆದು ನೋಡಿ. ನಾವು ಅದನ್ನು ಎಂಟನೆಯ ತಿಂಗಳಲ್ಲಿ ಮಾಡಿದೆವು. ಪಿನ್ನು ಹೊಡೆದ ಪುಸ್ತಕದಲ್ಲಿ ನಟ್ಟನಡುವಿನ ಜೋಡಿ ಪುಟ ಮಾತ್ರ (ನಮ್ಮಲ್ಲಿ 20-21) ಒಂದೇ ಹಾಳೆಯದು. ಉಳಿದ ಜೋಡಿಗಳು ಬೇರೆ ಬೇರೆ ತುಂಡುಗಳು, ಗೆರೆ ದಾಟಿಸಿದರೆ ಕೂಡುವುದಿಲ್ಲ. 30-31ರ ನಡುವೆ ಬರೀ ಕಪ್ಪಿದ್ದದ್ದರಿಂದ ಬಚಾವಾದೆವು. 100 ಜಿಎಸ್‌ಎಂನ ಹತ್ತು ಹಾಳೆ ಮಡಚಿದಾಗ ಒಳಗಿನ ಪುಟಗಳು ಒಂದು ಮಿಲಿಮೀಟರಿಗೂ ಹೆಚ್ಚು ಹೊರಚಾಚುತ್ತವೆ, ಕತ್ತರಿಸುವಾಗ ಅಷ್ಟು ಹೋಗುತ್ತದೆ.

ಖರ್ಚು ಹೀಗೆ. 1,250 ಹಾಳೆ, ಅದಕ್ಕೆ ಹತ್ತು ಪರ್ಸೆಂಟ್ ವೇಸ್ಟೇಜ್ ಸೇರಿ 2.75 ರೀಮು (ರೀಮಿಗೆ 500 ಹಾಳೆ). 100 ಜಿಎಸ್‌ಎಂನ ಈ ಅಳತೆಯ ರೀಮು 19.4 ಕೆಜಿ ತೂಗುತ್ತದೆ, ಅಂಗಡಿಯಲ್ಲಿ ಲೆಕ್ಕ ಕೆಜಿಯದೇ. ಕಾಗದಕ್ಕೆ ₹5,100, ಆರು ಪ್ಲೇಟಿಗೆ ₹2,400, ಮುದ್ರಣಕ್ಕೆ ₹4,200, ಲ್ಯಾಮಿನೇಷನ್ ಸೇರಿ ರಕ್ಷಾಪುಟಕ್ಕೆ ₹6,500, ಮಡಿಕೆ, ಪಿನ್ನು, ಕತ್ತರಿಗೆ ₹2,500. ಒಟ್ಟು ₹20,700, ಪ್ರತಿಯೊಂದಕ್ಕೆ ₹41.40. ಶಾಯಿ, ಸ್ಕ್ಯಾನ್, ಬಸ್ಸು ಬೇರೆ. ನೂರೇ ಪ್ರತಿ ಸಾಕೆನ್ನುವವರು ಡಿಜಿಟಲ್‌ಗೆ ಹೋಗಬಹುದು, ಆದರೆ ಟೋನರಿನ ಕಪ್ಪು ಮಿಂಚುತ್ತದೆ, ಮಡಿಕೆಯಲ್ಲಿ ಬಿರುಕು ಬಿಡುತ್ತದೆ.

ಐಎಸ್‌ಬಿಎನ್‌ಗೆ ಶುಲ್ಕವಿಲ್ಲ, ಅರ್ಜಿ ಆನ್‌ಲೈನಿನಲ್ಲಿ. ನಮ್ಮದು ಒಮ್ಮೆ ವಾಪಸು ಬಂತು, ತಪ್ಪು ನಮ್ಮದೇ: ರಕ್ಷಾಪುಟದಲ್ಲಿ ‘ಝಾನ್’, ಶೀರ್ಷಿಕೆ ಪುಟದಲ್ಲಿ ‘ಜಾನ್’ ಎಂದಿತ್ತು. ಮೂರು ವಾರ ಹೆಚ್ಚು ಕಾದೆವು. ಚಿತ್ರ ಮುಗಿಯುವ ಮುಂಚೆಯೇ ಅರ್ಜಿ ಹಾಕಿಬಿಡಿ.

ಮುದ್ರಣವಾದ ದಿನವೇ ಪುಸ್ತಕ ತರುವ ಅವಸರ ಮಾಡಬೇಡಿ. ಎರಡು ಪದರ ಶಾಯಿ, ಜೊತೆಗೆ ಮಳೆಗಾಲದ ತೇವ. ಮೊದಲ ಕಟ್ಟಿನ ಹತ್ತು ಹನ್ನೆರಡು ಪ್ರತಿಗಳಲ್ಲಿ 30 ಮತ್ತು 31 ಒಂದಕ್ಕೊಂದು ಅಂಟಿ, ಬಿಡಿಸಿದಾಗ ಬಿಳಿ ಕಲೆ ಎದ್ದವು. ಉಳಿದ ಹಾಳೆಗಳನ್ನು ಮಡಿಕೆಗೆ ಮುಂಚೆ ನಾಲ್ಕು ದಿನ ಸಣ್ಣ ಸಣ್ಣ ರಾಶಿಯಲ್ಲಿ ಆರಲು ಬಿಟ್ಟ ಮೇಲೆ ಆ ತೊಂದರೆ ಬರಲಿಲ್ಲ.

1954ರ ಕಾಯ್ದೆಯಂತೆ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈನ ಕನ್ನೆಮರಾ, ಮುಂಬೈನ ಸೆಂಟ್ರಲ್ ಲೈಬ್ರರಿ, ದೆಹಲಿ ಪಬ್ಲಿಕ್ ಲೈಬ್ರರಿಗೆ ಒಂದೊಂದು ಪ್ರತಿಯನ್ನು ನಮ್ಮ ಖರ್ಚಿನಲ್ಲೇ ಕಳಿಸಬೇಕು. ಅಂಚೆ ರಸೀದಿ ಜೋಪಾನ. ಆ ನಾಲ್ಕನ್ನು ಆರಿಸಲು ಒಂದು ಸಂಜೆ ಹಿಡಿಯಿತು. ಒಂದೊಂದನ್ನೂ 29ರಲ್ಲಿ ತೆರೆದು ಬೆಳಕಿಗೆ ಹಿಡಿದು, ಆಮೇಲೆ ತಿರುವಿ, ಕಿಟಕಿಯಾಚೆ ಎಲ್ಲೂ ಬಿಳಿಚಿಲ್ಲವೆಂದು ಕಂಡವನ್ನೇ ಕಟ್ಟಿ ಧಾರವಾಡದ ಅಂಚೆಗೆ ಹಾಕಿದೆವು.